‘ಏನೂ ಆಗಲ್ಲ’ ಅಂದರೆ ಹೆದರುವ ಹುಡುಗಿ

ಜೂನ್ ತಿಂಗಳ ಒಂದು ಶನಿವಾರ ರಾಜಾಜಿನಗರದ ಕಡೆಯ ಗಂಡ ಹೆಂಡತಿ ಹತ್ತು ವರ್ಷದ ಮಗಳನ್ನು ಕರೆದುಕೊಂಡು ನನ್ನ ಬಳಿ ಸಲಹೆಗೆ ಬಂದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಮಗಳನ್ನು ಪುಟ್ಟಿ ಅನ್ನೋಣ.

ಹಿಂದಿನ ವಾರ ಜೋರು ಮಳೆ ಬಂದಿತ್ತು. ಮನೆಗೆ ಹೋಗುವ ದಾರಿಯ ಅಂಡರ್‌ಪಾಸ್‌ನಲ್ಲಿ ನೀರು ನಿಂತಿತ್ತು. ‘ಏನೂ ಆಗಲ್ಲ’ ಅಂತ ಅಪ್ಪ ಕಾರು ಇಳಿಸಲು ಹೋದರು. ಹಿಂದೆ ಕೂತಿದ್ದ ಪುಟ್ಟಿ ಕಿರುಚಿಕೊಂಡು, ಕಾರು ಹೋಗುತ್ತಿರುವಾಗಲೇ ಬಾಗಿಲು ತೆಗೆದುಬಿಟ್ಟಳು. ಈಜು ಕ್ಲಾಸಿಗೂ ಎರಡು ತಿಂಗಳಿಂದ ಹೋಗುತ್ತಿಲ್ಲವಂತೆ. ‘ನೀರಿನ ಭಯ ಹಿಡ್ಕೊಂಡಿದೆ ಮೇಡಂ, ಅದೊಂದು ಬಿಡಿಸಿಕೊಡಿ’ ಅಂದರು ಅಪ್ಪ.

ಪುಟ್ಟಿ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದೆ. ತುಂಬ ಹೊತ್ತು ಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಮೆಲ್ಲಗೆ ಹೇಳಿದಳು: ‘ಆಂಟಿ, ಅಪ್ಪ ಏನೂ ಆಗಲ್ಲ ಅಂದ್ರೆ ನಂಗೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.’

ಏಪ್ರಿಲ್ ರಜೆಯಲ್ಲಿ ಅಜ್ಜಿಯನ್ನೂ ಕೂರಿಸಿಕೊಂಡು ಕಾರಿನಲ್ಲಿ ಕರಾವಳಿಗೆ ಹೋಗಿದ್ದರು. ತುಮಕೂರು, ಶಿವಮೊಗ್ಗ, ಸಾಗರ ದಾಟಿ ಹೊನ್ನಾವರ. ಅಲ್ಲಿ ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ವನದ ಮರದ ಸೇತುವೆ ಮೇಲೆ ಸಂಜೆ ನಡೆದಾಗ ಗಿಡಗಳ ಬೇರು ಕೆಸರಿನಿಂದ ಮೇಲೆದ್ದು ನಿಂತಿದ್ದವು. ಮರುದಿನ ಮಧ್ಯಾಹ್ನ ಹೋದಾಗ ಅದೇ ಬೇರುಗಳು ನೀರಿನಲ್ಲಿ ಮುಳುಗಿದ್ದವು. ಇದನ್ನು ಗಮನಿಸಿದ್ದು ಪುಟ್ಟಿ ಒಬ್ಬಳೇ.

ಹುಣ್ಣಿಮೆಯ ಮರುದಿನ ಬೆಳಗ್ಗೆ ಏಳಕ್ಕೆ ಅಘನಾಶಿನಿ ಅಳಿವೆಗೆ ಹೋದರು. ನದಿ ಸಮುದ್ರ ಸೇರುವ ಆ ಜಾಗ 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ನೀರಿಳಿದಾಗ ಅಲ್ಲಿ ದೊಡ್ಡ ಮರಳುದಿಬ್ಬಗಳು ಎದ್ದು ಕಾಣುತ್ತವೆ, ಊರಿನ ಹೆಂಗಸರು ಅಲ್ಲಿ ಬಳಚು ಅನ್ನುವ ಚಿಪ್ಪುಜೀವಿಗಳನ್ನು ಆರಿಸುತ್ತಾರೆ. ಅಪ್ಪ ಮಗಳು ಫೋಟೋಗೆಂದು ದಿಬ್ಬದ ತುದಿಯವರೆಗೂ ನಡೆದರು. ‘ನೀರು ವಾಪಸ್ ಬರಲ್ವಾ ಅಪ್ಪ?’ ಅಂತ ಅವಳು ಎರಡು ಸಲ ಕೇಳಿದ್ದಾಳೆ. ಎರಡು ಸಲವೂ ಅದೇ ಉತ್ತರ. ಸ್ವಲ್ಪ ಹೊತ್ತಿಗೆ ಹೆಂಗಸರೆಲ್ಲ ಬುಟ್ಟಿ ಎತ್ತಿಕೊಂಡು ಹೊರಟರು. ಇವರು ತಿರುಗಿ ನೋಡಿದರೆ ಬಂದ ದಾರಿಯಲ್ಲೇ ನೀರು. ಒಬ್ಬ ಹೆಂಗಸು ವಾಪಸ್ ಬಂದು ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ದಾಟಿಸಿದರು. ಅಪ್ಪನಿಗೆ ನೀರು ತೊಡೆವರೆಗೆ ಬಂದಿತ್ತು.

ಇಷ್ಟೇ ಆಗಿದ್ದರೆ ಮಗು ಬಹುಶಃ ಮರೆತುಬಿಡುತ್ತಿತ್ತು. ದಡಕ್ಕೆ ಬಂದ ಮೇಲೆ ಅಪ್ಪ ಅವಳು ಅಳುವುದನ್ನು ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. ಆಮೇಲೆ ಎರಡು ಮದುವೆ, ಒಂದು ಗೃಹಪ್ರವೇಶದಲ್ಲಿ ಅದೇ ಕಥೆ ಹೇಳಿ ಎಲ್ಲರನ್ನೂ ನಗಿಸಿದರು. ಅಮ್ಮ ಇನ್ನೊಂದು ಕಡೆ, ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ‘ಅವತ್ತು ಮಗು ಹೋಗ್ತಿತ್ತು’ ಅಂತ ಅವಳ ಎದುರಿಗೇ ಅಂದರು. ಅಪ್ಪನಿಗೆ ಅದು ತಮಾಷೆ, ಅಮ್ಮನಿಗೆ ಅದು ಸಾವಿನ ಮಾತು. ಯಾವುದು ನಿಜ ಅಂತ ಆ ಮಗು ಯಾರನ್ನು ಕೇಳಬೇಕು?

ನನ್ನ ಟೇಬಲ್ ಮೇಲೆ ಸ್ಟೀಲ್ ತಟ್ಟೆ ಇಟ್ಟು, ಹೂಕುಂಡದ ಮರಳಿನಿಂದ ಒಂದು ದಿಬ್ಬ ಮಾಡಿದೆ. ದಿಬ್ಬದ ಹಿಂದೆ ಬೆರಳಲ್ಲಿ ಒಂದು ಕಾಲುವೆ ಗೀರಿದೆ. ಅಂಚಿನಿಂದ ಪುಟ್ಟಿಯೇ ನೀರು ಹಾಕಿದಳು. ನೀರು ಮೊದಲು ತಗ್ಗಿನ ಕಾಲುವೆಗೆ ಹೋಯಿತು, ದಿಬ್ಬ ಇನ್ನೂ ಒಣಗಿಯೇ ಇತ್ತು. ‘ಅದಕ್ಕೇ ಹಿಂದಿಂದ ಬಂತು!’ ಅಂದಳು. ಇಷ್ಟು ದಿನ ನೀರು ತನಗೆ ಮೋಸ ಮಾಡಿತು ಅಂತಲೇ ಅಂದುಕೊಂಡಿದ್ದಳು. ನಮ್ಮ ಕರಾವಳಿಯಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಏರುವ ಆರು ಗಂಟೆಯಲ್ಲಿ ನಡುವಿನ ಎರಡು ಗಂಟೆಗೇ ಹತ್ತಿರಹತ್ತಿರ ಅರ್ಧ ನೀರು ಬಂದುಬಿಡುತ್ತದೆ. ಇದೆಲ್ಲ ಅವಳು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು.

ಅಪ್ಪನಿಗೆ ನಾನು ಹೇಳಿದ್ದು ಕಹಿಯಾಗಿತ್ತು. ಮಗಳ ಮುಂದೆ ಕೂತು ‘ನಂಗೆ ಗೊತ್ತಿರಲಿಲ್ಲ, ಗೊತ್ತಿದೆ ಅನ್ನೋ ಹಾಗೆ ಹೇಳ್ದೆ, ತಪ್ಪಾಯ್ತು’ ಅನ್ನಬೇಕು. ಅದರ ಹಿಂದೆ ‘ಆದ್ರೆ’ ಸೇರಿಸಬಾರದು. ಆ ವಿಡಿಯೋ ಅಳಿಸಬೇಕು. ಅವಳಾಗೇ ಹೇಳುವವರೆಗೆ ಆ ಕಥೆ ಯಾರಿಗೂ ಹೇಳಬಾರದು. ಗೊತ್ತಿಲ್ಲದಾಗ ‘ಗೊತ್ತಿಲ್ಲ, ಕೇಳೋಣ’ ಅನ್ನುವುದನ್ನು ಅಭ್ಯಾಸ ಮಾಡಬೇಕು. ಅಂಡರ್‌ಪಾಸ್ ವಿಷಯದಲ್ಲಿ ಮಗಳ ಮಾತೇ ಸರಿಯಾಗಿತ್ತು ಅಂತಲೂ ಹೇಳಿದೆ. ನಿಂತ ನೀರಿಗೆ ಕಾರು ಇಳಿಸಬಾರದು. ಆದರೆ ಓಡುವ ಕಾರಿನ ಬಾಗಿಲು ತೆಗೆಯುವುದು ಅಪಾಯ. ಅದಕ್ಕೆ ಒಂದು ಒಪ್ಪಂದ ಮಾಡಿಸಿದೆ: ಅವಳು ‘ನಿಲ್ಸಿ’ ಅಂದರೆ ಅಪ್ಪ ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬೇಕು, ಅವಳು ಬಾಗಿಲು ಮುಟ್ಟಬಾರದು. ಅಮ್ಮನಿಗೂ ಹೇಳಿದೆ, ಗಂಡನ ಮೇಲಿನ ಸಿಟ್ಟಿಗೆ ಆ ಬೆಳಗ್ಗೆಯನ್ನು ಎಳೆದು ತರಬೇಡಿ ಅಂತ. ಈಜು ಕ್ಲಾಸಿಗೆ ಬಲವಂತ ಬೇಡ.

ಕೆಟ್ಟ ಕನಸು, ಹಾಸಿಗೆ ಒದ್ದೆ, ಶಾಲೆಗೆ ಹೋಗದಿರುವುದು ಪುಟ್ಟಿಗೆ ಇರಲಿಲ್ಲ. ಇಂಥದ್ದು ತಿಂಗಳು ದಾಟಿದರೆ ಮಕ್ಕಳ ಮನೋವೈದ್ಯರನ್ನು ಕಾಣಲೇಬೇಕು. ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು.

ಅಪ್ಪ ಕ್ಷಮೆ ಕೇಳಿದ್ದು ಮೂರನೇ ಭೇಟಿಯ ಹೊತ್ತಿಗೆ. ನನ್ನೆದುರಿಗೇ ಕೇಳಿದರು, ಗಂಟಲು ಕಟ್ಟಿತ್ತು. ಪುಟ್ಟಿ ಏನೂ ಅನ್ನಲಿಲ್ಲ, ಅವರ ವಾಚಿನ ಪಟ್ಟಿ ಹಿಡಿದು ಕೂತಳು. ದಸರಾ ರಜೆಯಲ್ಲಿ ಮತ್ತೆ ಕರಾವಳಿಗೆ, ಈ ಸಲ ಗೋಕರ್ಣಕ್ಕೆ ಹೋಗಿದ್ದರಂತೆ. ನೀರಿನ ವೇಳೆ ನೋಡಿ ಬರೆದುಕೊಳ್ಳುವುದು ಅವಳ ಕೆಲಸ, ದಡದಲ್ಲಿದ್ದ ಮೀನುಗಾರರನ್ನು ಕೇಳಿ ಖಚಿತ ಮಾಡಿಕೊಳ್ಳುವುದು ಅಪ್ಪನ ಕೆಲಸ. ಪಾದ ಮುಳುಗುವಷ್ಟು ನೀರಿಗೆ ಇಳಿದಳಂತೆ. ಈಜು ಕ್ಲಾಸಿಗೆ ಇನ್ನೂ ಹೋಗುತ್ತಿಲ್ಲ. ಅವಸರ ಮಾಡಬೇಡಿ ಅಂದಿದ್ದೇನೆ.