ಬಾಸ್ಕೆಟ್‌ಬಾಲ್ ಆಡಿ ಗೊತ್ತಿರುವವರಿಗೆ ಹ್ಯಾಂಡ್‌ಬಾಲ್: ನಿಯಮಗಳೇನು, ಯಾರು ಎಲ್ಲಿ ನಿಲ್ಲಬೇಕು?

ಬಾಸ್ಕೆಟ್‌ಬಾಲ್ ಆಡಿದ್ದೇನೆ, ಈಗ ಕಾಲೇಜಿನ ಹ್ಯಾಂಡ್‌ಬಾಲ್ ತಂಡಕ್ಕೆ ಸೇರಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನನ್ನ ಕೇಳಿದರೆ ಗೋಲಿನ ಮುಂದಿನ 6 ಮೀಟರ್ ಗೆರೆಯಿಂದ.

ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. 6 ಮೀಟರ್ ಗೆರೆಯೊಳಗಿನ ನೆಲ ಗೋಲ್‌ಕೀಪರ್‌ಗೆ ಮಾತ್ರ. ಗೆರೆ ತುಳಿದರೂ ಒಳಗೆ ಹೋದ ಲೆಕ್ಕವೇ. ಆದರೆ ನೆಲದ ಮೇಲಿನ ಗಾಳಿ ಯಾರಪ್ಪನ ಸೊತ್ತೂ ಅಲ್ಲ. ಹೊರಗಿಂದ ನೆಗೆದು, ಕಾಲು ನೆಲಕ್ಕೆ ತಾಗುವ ಮೊದಲು ಚೆಂಡು ಕೈಬಿಟ್ಟರೆ ಗೋಲು ಸಿಂಧು.

ಬಾಸ್ಕೆಟ್‌ಬಾಲಿನವರು ಎಡವುವುದು ಹೆಜ್ಜೆಯಲ್ಲಿ. ಚೆಂಡು ಸಿಕ್ಕ ಕೂಡಲೇ ಪುಟಿಸಿಬಿಡುತ್ತಾರೆ. ಇಲ್ಲಿ ಚೆಂಡು ಹಿಡಿದು 3 ಹೆಜ್ಜೆ ಹಾಕಬಹುದು, 3 ಸೆಕೆಂಡ್ ಇಟ್ಟುಕೊಳ್ಳಬಹುದು. ಪುಟಿಸಿ ಹಿಡಿದ ಮೇಲೆ ಮತ್ತೆ ಮೂರು. ಎರಡನೇ ಸಲ ಪುಟಿಸುವಂತಿಲ್ಲ. ಗಾಳಿಯಲ್ಲಿ ಹಿಡಿದು ಇಳಿದ ಮೊದಲ ಕಾಲು ಲೆಕ್ಕಕ್ಕಿಲ್ಲ, ಎಣಿಕೆ ಅದರ ಮುಂದಿನದರಿಂದ. ಗೋಲ್‌ಕೀಪರ್ ಬಿಟ್ಟು ಬೇರೆಯವರ ಮೊಣಕಾಲಿನ ಕೆಳಗೆ ಚೆಂಡು ತಾಗಕೂಡದು.

ತಂಡದಲ್ಲಿ ಏಳು ಜನ. ಗೋಲ್‌ಕೀಪರ್ ಬಿಟ್ಟರೆ ಎರಡು ಮೂಲೆಗೆ ಎರಡು ವಿಂಗ್, 9 ಮೀಟರ್ ಆಚೆ ಎಡ, ಬಲ, ನಡುವೆ ಮೂವರು ಬ್ಯಾಕ್, ಗೋಡೆಯ ಹಾಗೆ ನಿಂತ ಎದುರಾಳಿ ರಕ್ಷಕರ ನಡುವೆ ಪಿವಟ್. ಸೆಂಟರ್ ಬ್ಯಾಕ್ ಆಟ ಕಟ್ಟುವವನು. ಮೂಲೆಯಿಂದ ಗೋಲು ಬರೀ ಸೀಳಿನಷ್ಟು ಕಾಣುತ್ತದೆ. ಅದಕ್ಕೇ ವಿಂಗ್ ಆಟಗಾರ ನೇರ ನೆಗೆಯದೆ ಅಂಕಣದ ನಡುವಿಗೆ ವಾಲಿ ನೆಗೆದು ಕೋನ ಅಗಲಿಸಿಕೊಳ್ಳುತ್ತಾನೆ. ಬಲ ಮೂಲೆಯಲ್ಲಿ ಎಡಗೈಯವನ ತೋಳು ಗೋಲಿನ ನಡುವಿನ ಕಡೆಗಿರುವುದರಿಂದ, ನೀವು ಎಡಗೈಯವರಾದರೆ ಕೋಚ್ ನಿಮ್ಮನ್ನು ಅಲ್ಲೇ ನಿಲ್ಲಿಸುತ್ತಾರೆ. ಪಿವಟ್ ಕೆಲಸ ಕಷ್ಟದ್ದು, ಹೆಸರು ಬರುವುದು ಕಮ್ಮಿ: ಗೋಲಿಗೆ ಬೆನ್ನು ಹಾಕಿ, ಇಬ್ಬರ ನಡುವೆ ಮೈಯೊಡ್ಡಿ ಜಾಗ ಮಾಡಿ, ಚೆಂಡು ಬಂದ ಕ್ಷಣ ತಿರುಗಿ ಎಸೆಯಬೇಕು.

ರಕ್ಷಣೆಯಲ್ಲಿ ಎದೆಯೊಡ್ಡಿ ದಾರಿ ತಡೆಯಬಹುದು, ಕಬಡ್ಡಿಯ ಹಾಗೆ ಹಿಡಿದೆಳೆಯುವಂತಿಲ್ಲ. ಖಚಿತ ಗೋಲನ್ನು ತಪ್ಪು ರೀತಿಯಲ್ಲಿ ತಡೆದರೆ 7 ಮೀಟರ್ ಎಸೆತ, ಅಂದರೆ ಪೆನಾಲ್ಟಿ. ಎಸೆಯುವವನ ತೋಳನ್ನು ಹಿಂದಿನಿಂದ ಎಳೆದರೆ 2 ನಿಮಿಷ ಹೊರಗೆ, ಕೆಲವೊಮ್ಮೆ ನೇರ ಕೆಂಪು ಕಾರ್ಡೇ. 2 ನಿಮಿಷದ ಶಿಕ್ಷೆ ಮೂರಾದರೂ ಕೆಂಪು.

ಸುಮ್ಮನೆ ಚೆಂಡು ಸುತ್ತಿಸುತ್ತಿದ್ದರೆ ರೆಫರಿ ಕೈ ಎತ್ತುತ್ತಾರೆ. ಆಮೇಲೆ ಸಿಗುವುದು 4 ಪಾಸ್, ಅಷ್ಟರೊಳಗೆ ಗೋಲಿಗೆ ಎಸೆಯಬೇಕು. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ರೆಫರಿಗೆ ಹೇಳಬೇಕಾಗಿಯೂ ಇಲ್ಲ. ಹೊರಬರುವವನು ಅಂಕಣದ ಪಕ್ಕದ ಗೆರೆ ದಾಟುವ ಮುನ್ನ ನೀವು ಒಳಗೆ ಕಾಲಿಟ್ಟರೆ ಮಾತ್ರ 2 ನಿಮಿಷ ನಿಮಗೇ.