ಸಕಲೇಶಪುರದಂಥ ಕಡೆ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇದ್ದರೂ ಸಿಸೇರಿಯನ್‌ಗೆ ಹಾಸನಕ್ಕೆ ಯಾಕೆ ಕಳಿಸುತ್ತಾರೆ?

ಬಹಳ ಸಲ ಕಾರಣ ಇಷ್ಟೇ: ಆ ಹೊತ್ತಿಗೆ ಅರಿವಳಿಕೆ ಡಾಕ್ಟರ್, ಅಂದರೆ ಆಪರೇಷನ್‌ನಲ್ಲಿ ನೋವು ಗೊತ್ತಾಗದಂತೆ ಮಾಡುವವರು, ಇರುವುದಿಲ್ಲ.

ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ಆಗ ತಾಯಿಯ ಬಿಪಿ ಒಮ್ಮೆಲೇ ಇಳಿಯಬಹುದು. ಇಳಿದರೆ ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಅದನ್ನೇ ನೋಡಿಕೊಂಡು ತಕ್ಷಣ ಔಷಧಿ ಕೊಡಲು ಒಬ್ಬರು ಪಕ್ಕದಲ್ಲೇ ಇರಬೇಕು. ಆಪರೇಷನ್ ಮಾಡುತ್ತಿರುವವರಿಗೆ ಅದು ಆಗದ ಮಾತು, ಅಲ್ವಾ?

ಒಬ್ಬರನ್ನು ನೇಮಿಸಿದರೂ ಸಾಲದು. ಹೆರಿಗೆಗೆ ಹಗಲು ರಾತ್ರಿ ಅಂತಿಲ್ಲ, ಆ ಒಬ್ಬರಿಗೆ ನಿದ್ದೆಯೂ ಬೇಕು, ರಜೆಯೂ ಬೇಕು. ಹಾಗಾಗಿ ಸುಮ್ನೆ ಸಾಗಹಾಕಿದರು ಅಂತ ಡಾಕ್ಟರ ಮೇಲೆ ಸಿಟ್ಟಾಗಬೇಡಿ. ಆದರೆ ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್. ಕಾಫಿ ತೋಟದ ಲೈನ್‌ಮನೆಯಿಂದ ಇನ್ನೂ ಜಾಸ್ತಿ. ನೋವು ತಿನ್ನುತ್ತಿರುವ ಹೆಂಗಸಿಗೆ ಅದು ಬಹಳ ದೂರ. ಮನೆಯಲ್ಲಿ ಗರ್ಭಿಣಿ ಇದ್ದರೆ, ರಾತ್ರಿ ಹೊತ್ತು ಅರಿವಳಿಕೆ ಡಾಕ್ಟರ್ ಸಿಗುತ್ತಾರಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.