ಆನಾಕಿನ್‌ಗಿಂತ ಮೊದಲೇ ರಿಪಬ್ಲಿಕ್ ಕುಸಿದಿತ್ತು

ಸ್ಟಾರ್ ವಾರ್ಸ್‌ನ ಗ್ಯಾಲಕ್ಟಿಕ್ ರಿಪಬ್ಲಿಕ್ (ಹಲವಾರು ಗ್ರಹಗಳು ಸೇರಿದ ಗಣರಾಜ್ಯ) ಬೀಳೋಕೆ ಶುರುವಾಗಿದ್ದು ಕಥಾನಾಯಕ ಆನಾಕಿನ್ ಕೆಟ್ಟವನಾದಾಗಲೇ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅಷ್ಟೊತ್ತಿಗೆ ಕಥೆ ಮುಗಿದೇ ಹೋಗಿತ್ತು.

ಈ ಸರಣಿಯ 1999ರ ಸಿನಿಮಾ ‘ದಿ ಫ್ಯಾಂಟಮ್ ಮೆನೇಸ್’ನಲ್ಲಿ ಸೆನೆಟ್‌ನ, ಅಂದ್ರೆ ರಿಪಬ್ಲಿಕ್‌ನ ಸಂಸತ್ತಿನ, ದೃಶ್ಯ ಇನ್ನೊಮ್ಮೆ ನೋಡಿ. ಮೂಲ ಜಗಳ ವ್ಯಾಪಾರದ ದಾರಿಗಳ ತೆರಿಗೆಯದ್ದು. ಅದಕ್ಕೆ ಟ್ರೇಡ್ ಫೆಡರೇಷನ್ ಎಂಬ ವ್ಯಾಪಾರಿಗಳ ಕೂಟ ನಬೂ ಗ್ರಹಕ್ಕೆ ದಿಗ್ಬಂಧನ ಹಾಕಿ, ಸೈನ್ಯವನ್ನೂ ಇಳಿಸುತ್ತದೆ. ನಬೂವಿನ ರಾಣಿ ಅಮಿಡಾಲಾ ಸೆನೆಟ್‌ನಲ್ಲಿ ಸಹಾಯ ಕೇಳಿದರೆ, ಫೆಡರೇಷನ್‌ನವನು ಮೊದಲು ಒಂದು ಆಯೋಗ ಹೋಗಿ ಪರಿಶೀಲಿಸಲಿ ಅನ್ನುತ್ತಾನೆ. (ಆಯೋಗ ಅಂದ್ರೆ ಏನಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ!) ಅಧಿಕಾರಿಗಳು ರಿಪಬ್ಲಿಕ್‌ನ ಮುಖ್ಯಸ್ಥ ಚಾನ್ಸಲರ್ ವ್ಯಾಲೋರಮ್ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾರೆ. ಆತ ತಲೆ ತಗ್ಗಿಸಿ ಒಪ್ಪಿಬಿಡುತ್ತಾನೆ. ನನ್ನ ಲೆಕ್ಕದಲ್ಲಿ ಕುಸಿತ ಶುರುವಾಗಿದ್ದು ಆ ಗಳಿಗೆಯಲ್ಲಿ.

ರಾಣಿ ವ್ಯಾಲೋರಮ್ ವಿರುದ್ಧ ಅವಿಶ್ವಾಸ ಮಂಡಿಸುತ್ತಾಳೆ. ಆ ಐಡಿಯಾ ನಬೂವಿನ ಸೆನೆಟರ್ ಪ್ಯಾಲ್ಪಟೀನ್‌ದು, ಕುರ್ಚಿ ಸಿಗುವುದೂ ಅವನಿಗೇ. ದಿಗ್ಬಂಧನದ ಹಿಂದೆ ಇದ್ದವನೂ ಅವನೇ! ಮುಂದೆ 2002ರ ಭಾಗದಲ್ಲಿ ಅವನಿಗೆ ತುರ್ತು ಅಧಿಕಾರ ಕೊಡೋಣ ಅಂತ ಸೂಚಿಸುವುದು ಸೆನೆಟ್‌ನಲ್ಲಿ ನಬೂವಿನ ಪ್ರತಿನಿಧಿಯಾಗಿದ್ದ ಪಾಪದ ಜಾರ್ ಜಾರ್. ಎಲ್ಲವೂ ಸದನದೊಳಗೇ, ನಿಯಮದ ಪ್ರಕಾರವೇ. ಬಹಳ ಜನ ಈ ಭಾಗ ಬೋರು ಅಂತ ಸುಮ್ನೆ ಓಡಿಸಿಬಿಡುತ್ತಾರೆ. ನನಗಂತೂ ಕತ್ತಿಕಾಳಗಕ್ಕಿಂತ ಇದೇ ಜಾಸ್ತಿ ಇಷ್ಟ.